ಗಾಡಿಯ ಮುಂಭಾಗದ ‘ಟಕ್ ಟಕ್’ ಶಬ್ದ: ಬಿಡಿಭಾಗ ಬದಲಿಸುವ ಮೊದಲು ಮೂಲ ಹುಡುಕಿ



ಕೆಚ್ಚಲು ಬಾವು, ಮೇವಿನ ಬೆಳೆ, ಕೃತಕ ಗರ್ಭಧಾರಣೆ ಮುಂತಾದ ವಿಷಯಗಳಿಗೆ ಮೀಸಲಾದ ಈ ಪುಟದಲ್ಲಿ ಮೋಟಾರು ಗಾಡಿಯ ವಿಷಯ ಏಕೆ ಬಂತು ಎಂದು ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಭಾಗದ ಪರಿಸ್ಥಿತಿಯೇ ಹಾಗಿದೆ. ವೈಟ್‌ಫೀಲ್ಡ್‌ನಿಂದ ಆಚೆ ಹೊಸಕೋಟೆ ಕಡೆಯ ಹಳ್ಳಿಗಳಿರಲಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಆನೇಕಲ್ ತಾಲ್ಲೂಕಿರಲಿ, ಪೀಣ್ಯದಿಂದ ಮುಂದಿನ ನೆಲಮಂಗಲವಿರಲಿ, ಎತ್ತಿನ ಗಾಡಿ ಈಗ ಅಪರೂಪವಾಗಿದೆ. ಪಶು ಆಹಾರದ ಮೂಟೆ, ಸೀಮೆಹುಲ್ಲಿನ ಹೊರೆ, ಬಿಯರ್ ವೇಸ್ಟ್, ಹಾಲಿನ ಕ್ಯಾನು, ಕೆಲವೊಮ್ಮೆ ಕರು ಸಹ ಓಮ್ನಿ, ಈಕೋ, ಟಾಟಾ ಏಸ್‌ನಂತಹ ಗಾಡಿಗಳಲ್ಲಿಯೇ ಓಡಾಡುತ್ತವೆ. ಸಂಜೆ ಹಾಲು ಹಾಕಿದ ಅದೇ ಗಾಡಿಯಲ್ಲಿ ಮರುದಿನ ಮನೆಮಂದಿಯೆಲ್ಲ ಮದುವೆಗೆ ಹೋಗುತ್ತಾರೆ.

ಸಂಘದ ಸಭೆ ಮುಗಿದ ಮೇಲೆ ಹಸುವಿನ ಬಗ್ಗೆ ಕೇಳುವವರಷ್ಟೇ ಜನ ಗಾಡಿಯ ಬಗ್ಗೆಯೂ ಮಾತನಾಡುತ್ತಾರೆ. ಅದರಲ್ಲಿ ಪದೇ ಪದೇ ಬರುವ ದೂರು ಒಂದೇ: ‘ಗುಂಡಿಗೆ ಇಳಿದರೆ ಮುಂದುಗಡೆ ಟಕ್ ಅನ್ನುತ್ತೆ. ಗ್ಯಾರೇಜಿಗೆ ಬಿಟ್ಟೆ, ದುಡ್ಡು ಹೋಯಿತು, ಶಬ್ದ ಹೋಗಲಿಲ್ಲ.’ ಒಂದು ಬಟವಾಡೆಯ ಹಣ ಹೀಗೆ ವ್ಯರ್ಥವಾಗುವುದು ಸಣ್ಣ ಮಾತಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಈ ಶಬ್ದಗಳಲ್ಲಿ ಹೆಚ್ಚಿನವು ಕಿರಿಕಿರಿ ಮಾತ್ರ, ಆದರೆ ಒಂದೆರಡು ಪ್ರಾಣಕ್ಕೇ ಎರವಾಗುವಂಥವು. ಯಾವುದು ಯಾವುದೆಂದು ತಿಳಿಯುವ ದಾರಿ ಹಸುವಿನ ಕುಂಟು ಪತ್ತೆಮಾಡುವ ದಾರಿಗಿಂತ ಬಹಳ ಬೇರೆಯಲ್ಲ. ಆದ್ದರಿಂದಲೇ ಪಶುವೈದ್ಯನೊಬ್ಬ ಇದನ್ನು ಬರೆಯಲು ಧೈರ್ಯಮಾಡಿದ್ದೇನೆ.

ಕೇಳಿದ ಜಾಗವೇ ಮೂಲವಲ್ಲ

ಹಸು ಮುಂಗಾಲು ಕುಂಟಿದರೆ ‘ಭುಜ ಸರಿದಿದೆ’ ಎಂದು ಎಣ್ಣೆ ತಿಕ್ಕಿಸುವವರು ಈಗಲೂ ಇದ್ದಾರೆ. ಕಾಲನ್ನು ಎತ್ತಿ ನೋಡಿದರೆ ಗೊರಸಿನಲ್ಲಿ ಮೊಳೆಯೋ ಕೀವೋ ಇರುತ್ತದೆ. ಹಾಲಿನ ಹಸುಗಳ ಕುಂಟಿನಲ್ಲಿ ಬಹುಪಾಲು ಗೊರಸಿನದೇ ಎಂಬುದು ನಿಮಗೆ ತಿಳಿದ ವಿಷಯ. ಗಾಡಿಯಲ್ಲಿಯೂ ಹಾಗೆಯೇ. ಶಬ್ದ ಕೇಳಿದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಶಾಕ್ ಅಬ್ಸಾರ್ಬರ್ ಕಡೆಗೆ. ಅದು ದುಬಾರಿ, ಜೋಡಿಯಾಗಿ ಬದಲಿಸಬೇಕು, ಸಾವಿರಗಟ್ಟಲೆ ಆಗುತ್ತದೆ. ಆದರೆ ಸಣ್ಣ ಗುಂಡಿಗಳ ಮೇಲೆ ನಿಧಾನವಾಗಿ ಹೋಗುವಾಗ ಬರುವ ‘ಟಕ್ ಟಕ್’ಗೆ ಅನೇಕ ಸಲ ಕಾರಣವಾಗಿರುವುದು ಕೆಲವು ನೂರು ರೂಪಾಯಿಗಳ ಲಿಂಕ್ ರಾಡ್ ಅಥವಾ ಒಂದು ರಬ್ಬರ್ ಬುಷ್.

ಇನ್ನೊಂದು ತೊಡಕಿದೆ. ಗಾಡಿಯ ಮೈಯೆಲ್ಲ ತಗಡು. ಒಂದು ತುದಿಯಲ್ಲಿ ತಟ್ಟಿದ ಸದ್ದು ಮತ್ತೊಂದು ತುದಿಯಲ್ಲಿ ಕೇಳಿಸುತ್ತದೆ. ಎಡ ಚಕ್ರದ ಶಬ್ದ ಚಾಲಕನಿಗೆ ತನ್ನ ಕಾಲಿನ ಕೆಳಗೇ ಬಂದಂತೆ ಅನ್ನಿಸಬಹುದು. ಆದ್ದರಿಂದ ಕಿವಿಯನ್ನೊಂದೇ ನಂಬಿ ಯಾವ ಭಾಗವನ್ನೂ ಬಿಚ್ಚಿಸಕೂಡದು.

ಮುಂಭಾಗದ ರಚನೆ

ಈಗಿನ ಬಹಳಷ್ಟು ಕಾರುಗಳಲ್ಲಿ, ಓಮ್ನಿ ಮತ್ತು ಈಕೋ ಸಹ ಸೇರಿದಂತೆ, ಮುಂದಿನ ಪ್ರತಿ ಚಕ್ರವನ್ನು ಮೇಲಿನಿಂದ ಸ್ಟ್ರಟ್ ಎಂಬ ಕಂಬ ಹಿಡಿದಿರುತ್ತದೆ. ಶಾಕ್ ಅಬ್ಸಾರ್ಬರ್ ಮತ್ತು ಸುರುಳಿ ಸ್ಪ್ರಿಂಗ್ ಎರಡೂ ಇದರಲ್ಲಿಯೇ ಕೂಡಿವೆ. ಅಮೆರಿಕದ ಎಂಜಿನಿಯರ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಏರ್ಪಾಡು 1950ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಂತು. ನಮ್ಮಲ್ಲಿ 1983ರ ಕೊನೆಯಲ್ಲಿ ಹೊರಬಂದ ಮಾರುತಿ 800ರಿಂದ ಮನೆಮಾತಾಯಿತು. ಕಂಬದ ಮೇಲ್ತುದಿ ರಬ್ಬರ್ ಮೌಂಟಿಂಗ್ ಮೂಲಕ ಗಾಡಿಯ ಮೈಗೆ ಕೂಡುತ್ತದೆ. ಚಕ್ರದ ಕೆಳಭಾಗವನ್ನು ಲೋಯರ್ ಆರ್ಮ್ ಎಂಬ ತೋಳು ಹಿಡಿದಿರುತ್ತದೆ. ತೋಳಿನ ಒಳತುದಿಯಲ್ಲಿ ರಬ್ಬರ್ ಬುಷ್, ಹೊರತುದಿಯಲ್ಲಿ ಬಾಲ್ ಜಾಯಿಂಟ್. ಸ್ಟೀರಿಂಗ್‌ನಿಂದ ಬಂದು ಚಕ್ರವನ್ನು ತಿರುಗಿಸುವ ಸರಳಿನ ತುದಿಯಲ್ಲಿಯೂ ಅಂತಹುದೇ ಒಂದು ಸಣ್ಣ ಕೀಲು ಇರುತ್ತದೆ, ಅದೇ ಟೈ ರಾಡ್ ಎಂಡ್.

ಬಾಲ್ ಜಾಯಿಂಟ್ ಎಂದರೆ ಹಸುವಿನ ಸೊಂಟದ ಕೀಲೇ ಎಂದು ತಿಳಿಯಿರಿ. ತೊಡೆಮೂಳೆಯ ದುಂಡನೆಯ ತಲೆ ಸೊಂಟದ ಬಟ್ಟಲಿನಲ್ಲಿ ಕುಳಿತಂತೆ, ಉಕ್ಕಿನ ಗುಂಡೊಂದು ಬಟ್ಟಲಿನಲ್ಲಿ ಕುಳಿತು ಎಲ್ಲ ಕಡೆಗೂ ತಿರುಗುತ್ತದೆ. ಕೀಲಿನ ಚೀಲದಲ್ಲಿ ದ್ರವವಿರುವಂತೆ ಇಲ್ಲಿ ರಬ್ಬರ್ ಟೋಪಿಯೊಳಗೆ ಗ್ರೀಸ್ ಇರುತ್ತದೆ. ಹಳೆಯ ಅಂಬಾಸಡರ್ ಕಾರಿನಲ್ಲಿ ಗ್ರೀಸ್ ತುಂಬಲು ನಿಪ್ಪಲ್‌ಗಳಿದ್ದವು, ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಹಾಗೆ ಆಗಾಗ ಗ್ರೀಸ್ ಕೊಡಬೇಕಿತ್ತು. ಈಗಿನ ಕಾರುಗಳ ಕೀಲು ಸಾಮಾನ್ಯವಾಗಿ ಜೀವನಪೂರ್ತಿ ಮುಚ್ಚಿದ ಕೀಲು. ರಬ್ಬರ್ ಟೋಪಿ ಹರಿದ ದಿನದಿಂದ ಗ್ರೀಸ್ ತೊಳೆದುಹೋಗಿ ನೀರು, ಮರಳು ಒಳಸೇರುತ್ತವೆ. ಅಲ್ಲಿಂದ ಆಯುಷ್ಯ ಹೆಚ್ಚಿಲ್ಲ. ಕೊಟ್ಟಿಗೆಯ ಪಕ್ಕ, ಆಹಾರದ ಮೂಟೆಗಳ ಹತ್ತಿರ ಗಾಡಿ ನಿಲ್ಲಿಸುವವರು ಇಲಿ ಹೆಗ್ಗಣ ಈ ಟೋಪಿಯನ್ನು ಕಡಿದಿದೆಯೇ ಎಂದೂ ನೋಡಬೇಕು.

ಉಳಿದದ್ದು ಸ್ಟೆಬಿಲೈಸರ್ ಬಾರ್. ಎರಡೂ ಮುಂದಿನ ಚಕ್ರಗಳ ನಡುವೆ ಅಡ್ಡಲಾಗಿರುವ ಉಕ್ಕಿನ ಸರಳು ಇದು, ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲದಂತೆ ತಡೆಯುತ್ತದೆ. ಇದರ ಎರಡು ತುದಿಗಳನ್ನು ಚಕ್ರದ ಕಡೆಗೆ ಕೂಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್. ಕೆಲವು ಗಾಡಿಗಳಲ್ಲಿ ಲಿಂಕ್ ಇಲ್ಲದೆ ಬಾರ್ ನೇರವಾಗಿ ಬುಷ್ ಮೂಲಕ ತೋಳಿಗೆ ಕೂಡಿರುತ್ತದೆ, ಕೆಲವಕ್ಕೆ ಬಾರ್ ಇರುವುದೇ ಇಲ್ಲ. ನಿಮ್ಮ ಗಾಡಿಯಲ್ಲಿ ಏನಿದೆ ಎಂದು ಒಮ್ಮೆ ಬಗ್ಗಿ ನೋಡಿಕೊಳ್ಳಿ.

ಯಾವಾಗ ಬರುತ್ತದೆ?

ನಿಮ್ಮ ಕೊಟ್ಟಿಗೆಗೆ ಬಂದ ಪಶುವೈದ್ಯರು ಮೊದಲು ಹಸುವನ್ನು ಮುಟ್ಟುವುದಿಲ್ಲ. ಯಾವಾಗಿನಿಂದ, ಮೇವು ತಿನ್ನುತ್ತಿದೆಯೇ, ಹಾಲು ಎಷ್ಟು ಇಳಿದಿದೆ ಎಂದು ಕೇಳುತ್ತಾರೆ. ಗಾಡಿಗೂ ಈ ವಿಚಾರಣೆ ಆಗಬೇಕು. ಗ್ಯಾರೇಜಿಗೆ ಹೋಗುವ ಮುನ್ನ ಎರಡು ದಿನ ಗಮನಿಸಿ, ಚೀಟಿಯಲ್ಲಿ ಬರೆದುಕೊಂಡರೂ ತಪ್ಪಲ್ಲ. ಮೆಕ್ಯಾನಿಕ್ ಓಡಿಸಿ ನೋಡುವಾಗ ಶಬ್ದ ಬಾರದೇ ಇರುವುದು, ಡಾಕ್ಟರು ಬಂದಾಗ ಹಸು ನೆಟ್ಟಗೆ ನಡೆಯುವಷ್ಟೇ ಸಾಮಾನ್ಯ.

ಮೊದಲು ಗಾಡಿಯನ್ನು ಖಾಲಿ ಮಾಡಿ. ಕ್ಯಾನು, ಮುಚ್ಚಳ, ಜಾಕ್, ಪಾನಾ, ಸ್ಟೆಪ್ನಿ, ಸೀಟಿನ ಕೆಳಗಿನ ಸರಪಳಿ ಎಲ್ಲವನ್ನೂ ಕೆಳಗಿಳಿಸಿ ಓಡಿಸಿ ನೋಡಿ. ಇಷ್ಟಕ್ಕೇ ಶಬ್ದ ನಿಂತ ಗಾಡಿಗಳಿವೆ. ಹಾಗೆಯೇ ನಾಲ್ಕೂ ಚಕ್ರಗಳ ನಟ್ಟುಗಳನ್ನು ಪಾನಾ ಹಾಕಿ ಬಿಗಿಯಿದೆಯೇ ನೋಡಿ. ಪಂಕ್ಚರ್ ಹಾಕಿಸಿದ ಮರುವಾರ ಶಬ್ದ ಶುರುವಾಗಿದ್ದರೆ ಇದನ್ನು ಆ ನಿಮಿಷವೇ ನೋಡಬೇಕು.

ಇನ್ನು ರಸ್ತೆಯ ಪರೀಕ್ಷೆ. ಇದಕ್ಕೆ ನಮ್ಮ ಭಾಗದಲ್ಲಿ ಸಲಕರಣೆ ಬೇಕಿಲ್ಲ, ಊರಿಗೆ ನಾಲ್ಕು ಹಂಪ್‌ಗಳಿವೆ. ರಸ್ತೆ ಉಬ್ಬು 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರವಾಗಿ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು ಎಂದು ಇಂಡಿಯನ್ ರೋಡ್ ಕಾಂಗ್ರೆಸ್ 1988ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಮ್ಮ ಊರುಗಳಲ್ಲಿ ಕಾಣುವ ಹಂಪ್ ಅನೇಕ ಕಡೆ ಒಂದು ಗೋಣಿಚೀಲ ಮಲಗಿಸಿದಂತಿರುತ್ತದೆ. ಅದನ್ನೇ ಉಪಯೋಗಿಸಿಕೊಳ್ಳೋಣ.

ವಾಹನ ಸಂಚಾರವಿಲ್ಲದ ಹೊತ್ತಿನಲ್ಲಿ ಹಂಪನ್ನು ಮೊದಲು ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಏರುವಂತೆ, ನಡಿಗೆಯ ವೇಗದಲ್ಲಿ ದಾಟಿ. ಅನಂತರ ಓರೆಯಾಗಿ, ಒಂದು ಚಕ್ರ ಮೊದಲು ಏರುವಂತೆ ದಾಟಿ. ನೇರ ದಾಟಿದಾಗ ಮೌನ, ಓರೆ ದಾಟಿದಾಗ ‘ಟಕ್’ ಎಂದರೆ ಮೊದಲ ಅನುಮಾನ ಲಿಂಕ್ ರಾಡ್ ಅಥವಾ ಬಾರ್‌ನ ಬುಷ್ ಮೇಲೆ ಬರಬೇಕು. ಕಾರಣ ಸರಳವಾದದ್ದು. ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಒಟ್ಟಿಗೆ ದಿಣ್ಣೆ ಏರಿದರೆ ನೊಗ ಮಟ್ಟವಾಗಿಯೇ ಏರುತ್ತದೆ. ಒಂದೇ ಎತ್ತು ಏರಿದರೆ ನೊಗ ಓರೆಯಾಗಿ ಎರಡರ ಹೆಗಲನ್ನೂ ಒತ್ತುತ್ತದೆ. ಸ್ಟೆಬಿಲೈಸರ್ ಬಾರ್ ಅಂತಹ ನೊಗ. ಒಂದು ಚಕ್ರ ಮಾತ್ರ ಎದ್ದಾಗಲೇ ಅದು ತಿರುಚಿಕೊಂಡು ಲಿಂಕನ್ನು ಎಳೆಯುತ್ತದೆ, ಸವೆದ ಲಿಂಕ್ ಆಗಲೇ ಸದ್ದು ಮಾಡುತ್ತದೆ.

ನೇರ ದಾಟಿದಾಗಲೂ, ಅದರಲ್ಲಿಯೂ ಹಂಪ್ ಇಳಿದು ಚಕ್ರ ಜೋತುಬೀಳುವ ಕ್ಷಣದಲ್ಲಿ ‘ದಡ್’ ಎಂದರೆ ಶಾಕ್ ಅಬ್ಸಾರ್ಬರ್ ಅಥವಾ ಅದರ ಮೇಲಿನ ಮೌಂಟಿಂಗ್ ಕಡೆ ನೋಡಬೇಕು. ಗುಂಡಿಯೇ ಇಲ್ಲದ ಒಳ್ಳೆಯ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಒಂದು ಸಲ, ಮತ್ತೆ ಹೊರಡುವಾಗ ಒಂದು ಸಲ ‘ಟಕ್’ ಎಂದರೆ ಲೋಯರ್ ಆರ್ಮ್‌ನ ಬುಷ್ ಹರಿದು ತೋಳು ಹಿಂದೆ ಮುಂದೆ ಸರಿಯುತ್ತಿರಬಹುದು. ಗುಂಡಿಯಲ್ಲಿ ಬರುವ ಶಬ್ದ ಬ್ರೇಕ್ ಪೆಡಲ್ ಮೇಲೆ ಕಾಲನ್ನು ಹಗುರವಾಗಿ ಇಟ್ಟ ಕೂಡಲೇ ನಿಂತರೆ ಅದು ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಅಲುಗಾಟ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಸಿಡಿದಂತೆ ‘ಟಂಗ್’ ಎಂದರೆ ಸ್ಟ್ರಟ್‌ನ ಮೇಲಿನ ಬೇರಿಂಗ್ ಹಿಡಿದುಕೊಂಡಿರುತ್ತದೆ.

ಎರಡು ಶಬ್ದಗಳು ಸಸ್ಪೆನ್ಷನ್‌ಗೆ ಸೇರಿದವೇ ಅಲ್ಲ, ಆದರೂ ಅದರ ಲೆಕ್ಕಕ್ಕೆ ಬೀಳುತ್ತವೆ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ‘ಕಟಕಟಕಟ’ ಎಂದು ಬಿಡದೆ ಬಂದರೆ ಅದು ಡ್ರೈವ್ ಶಾಫ್ಟ್‌ನ ಕೀಲು. ಓಮ್ನಿ, ಈಕೋ, ಏಸ್‌ಗಳು ಹಿಂದಿನ ಚಕ್ರದಿಂದ ಓಡುತ್ತವೆ. ಅವುಗಳಲ್ಲಿ ಕ್ಲಚ್ ಬಿಡುವಾಗ, ಗೇರ್ ಬದಲಿಸುವಾಗ ಹೊಟ್ಟೆಯ ಕೆಳಗೆ ‘ಟಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಅಥವಾ ಎಂಜಿನ್ ಮೌಂಟಿಂಗ್ ನೋಡಿಸಿ.

ನಿಂತ ಗಾಡಿಯ ಪರೀಕ್ಷೆ

ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಒಬ್ಬರು ಮುಂದಿನ ಮೂಲೆಯನ್ನು ಒತ್ತಿ ಒತ್ತಿ ಬಿಡಲಿ. ಇನ್ನೊಬ್ಬರು ಸ್ಟ್ರಟ್‌ನ ಮೇಲ್ತುದಿಯ ಮೇಲೆ ಅಂಗೈ ಇಡಲಿ, ಅನಂತರ ಬಗ್ಗಿ ಲಿಂಕ್ ರಾಡನ್ನು ಹಿಡಿಯಲಿ. ಕಿವಿಗೆ ಮೋಸವಾಗಬಹುದು, ಬೆರಳಿಗೆ ಆಗುವುದು ಕಡಿಮೆ. ಸವೆದ ಕೀಲಿನಲ್ಲಿ ಪ್ರತಿ ಒತ್ತಿಗೂ ಸಣ್ಣ ಪೆಟ್ಟು ಕೈಗೆ ತಿಳಿಯುತ್ತದೆ. ಇದಕ್ಕೆ ನನ್ನ ಸ್ಟೆತಸ್ಕೋಪ್ ಕೇಳಿದವರೂ ಇದ್ದಾರೆ! ಕೈಯೇ ಸಾಕು.

ಒತ್ತಿ ಬಿಟ್ಟ ಮೇಲೆ ಮೂಲೆ ಒಮ್ಮೆ ಎದ್ದು ನಿಲ್ಲಬೇಕು. ತೊಟ್ಟಿಲಿನಂತೆ ಎರಡು ಮೂರು ಸಲ ತೂಗಿದರೆ, ಅಥವಾ ಶಾಕ್ ಅಬ್ಸಾರ್ಬರ್ ಮೈಯೆಲ್ಲ ಎಣ್ಣೆಯಾಗಿದ್ದರೆ, ಆಗ ಮಾತ್ರ ಅದನ್ನು ಬದಲಿಸುವ ಮಾತು. ಬರಿಯ ಧೂಳು ಅಂಟಿದ ಮಂಜು ಕಂಡು ಹೆದರಬೇಕಿಲ್ಲ.

ಅನಂತರ ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ಒಂದಂಗುಲ ಎಡಕ್ಕೆ, ಒಂದಂಗುಲ ಬಲಕ್ಕೆ ಬೇಗ ಬೇಗ ಅಲುಗಿಸಲಿ. ಹೊರಗಿನವರು ಟೈ ರಾಡ್ ಎಂಡ್ ಮೇಲೆ ಬೆರಳಿಟ್ಟು ನೋಡಲಿ. ಸರಳು ಅಲುಗಿ ಚಕ್ರ ಅಲುಗದೆ ‘ಟಿಕ್’ ಎಂದರೆ ಕೀಲು ಸವೆದಿದೆ.

ಜಾಕ್ ಏರಿಸಿ ನೋಡುವಾಗ

ಇಲ್ಲಿ ಎಚ್ಚರಿಕೆ ಬೇಕು. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬಾರದು. ಸ್ಟ್ಯಾಂಡ್ ಕೊಟ್ಟು ಅದರ ಮೇಲೆ ಭಾರ ಕೂರಿಸಬೇಕು. ಸಿಮೆಂಟ್ ಹಾಲೋ ಬ್ಲಾಕ್, ಇಟ್ಟಿಗೆ ಇವುಗಳನ್ನು ಕೊಡಲೇಕೂಡದು, ಸೂಚನೆ ಕೊಡದೆ ಪುಡಿಯಾಗುತ್ತವೆ. ಸ್ಟ್ಯಾಂಡ್ ಇಲ್ಲದವರು ಈ ಭಾಗವನ್ನು ಗ್ಯಾರೇಜಿನಲ್ಲಿ ಎದುರಿಗೆ ನಿಂತು ಮಾಡಿಸಿಕೊಳ್ಳಿ.

ಎತ್ತಿದ ಚಕ್ರವನ್ನು ಮೇಲೆ ಮತ್ತು ಕೆಳಗೆ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಅಲುಗಾಟವಿದ್ದರೆ ಎರಡು ಅನುಮಾನ: ಚಕ್ರದ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಈಗ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಅಲುಗಾಟ ನಿಂತರೆ ಬೇರಿಂಗ್. ಹಾಗೆಯೇ ಉಳಿದರೆ ಬಾಲ್ ಜಾಯಿಂಟ್ ಅಥವಾ ತೋಳಿನ ಕಡೆಯ ದೋಷ. ಅನಂತರ ಎಡ ಬಲಗಳಲ್ಲಿ, 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಿಸಿದರೆ ಟೈ ರಾಡ್ ಎಂಡ್ ಮತ್ತು ಸ್ಟೀರಿಂಗ್ ರ್‍ಯಾಕ್‌ನ ಸ್ಥಿತಿ ತಿಳಿಯುತ್ತದೆ. ಕೊನೆಗೆ ಲೋಯರ್ ಆರ್ಮ್ ಮತ್ತು ಚಕ್ರದ ಗಟ್ಟಿ ಭಾಗದ ನಡುವೆ ಸಣ್ಣ ಹಾರೆ ಕೊಟ್ಟು ಮೆಲ್ಲಗೆ ಮೀಟಿ. ಬಾಲ್ ಜಾಯಿಂಟ್ ಬಟ್ಟಲಿನಲ್ಲಿ ಮೇಲೆ ಕೆಳಗೆ ಕುಣಿಯಬಾರದು. ರಬ್ಬರ್ ಬುಷ್ ಸ್ವಲ್ಪ ಬಳುಕುವುದು ಸಹಜ, ಅದನ್ನು ದೋಷವೆಂದು ಎಣಿಸಬೇಡಿ.

ಆದರೆ ಲಿಂಕ್ ರಾಡನ್ನು ಈ ಸ್ಥಿತಿಯಲ್ಲಿ ಪರೀಕ್ಷಿಸಿದರೆ ಫಲವಿಲ್ಲ. ಒಂದು ಚಕ್ರ ಮಾತ್ರ ಮೇಲಿದ್ದಾಗ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿರುತ್ತದೆ. ಸವೆದ ಕೀಲೂ ಆಗ ಗಟ್ಟಿಯಾಗಿಯೇ ಕಾಣುತ್ತದೆ. ಎರಡೂ ಚಕ್ರ ನೆಲದ ಮೇಲಿದ್ದಾಗ, ಇಲ್ಲವೇ ಎರಡೂ ಒಂದೇ ಎತ್ತರಕ್ಕೆ ಎದ್ದಾಗ ಲಿಂಕನ್ನು ಕೈಯಿಂದ ಜಗ್ಗಬೇಕು. ಸರ್ಜಾಪುರದ ಕಡೆಯ ಸದಸ್ಯರೊಬ್ಬರು ‘ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದೆ ಡಾಕ್ಟ್ರೇ, ಲಿಂಕೂ ನೋಡಿದರು, ಗಟ್ಟಿ ಇದೆ ಅಂದರು, ಆದರೂ ಶಬ್ದ ಹಾಗೇ ಇದೆ’ ಎಂದು ಹೇಳಿದ್ದರು. ಹೇಗೆ ನೋಡಿದರು ಎಂದು ಕೇಳಿದರೆ ಉತ್ತರ, ಒಂದು ಕಡೆ ಜಾಕ್ ಕೊಟ್ಟು. ಗಾಡಿಯನ್ನು ನೆಲಕ್ಕಿಳಿಸಿ ಜಗ್ಗಿದಾಗ ಎಡಗಡೆಯ ಲಿಂಕ್ ಸಡಿಲ ಹಲ್ಲಿನಂತೆ ಅಲ್ಲಾಡಿತು. ಹೊಸ ಲಿಂಕ್ ಹಾಕಿದ ದಿನ ಶಬ್ದ ನಿಂತಿತು. ಬಿಚ್ಚಿ ತೆಗೆದ ಹಳೆಯ ಶಾಕ್ ಅಬ್ಸಾರ್ಬರ್‌ಗಳು ಇನ್ನೂ ಚೆನ್ನಾಗಿಯೇ ಇದ್ದವು.

ಇನ್ನೂ ಅನುಮಾನವಿದ್ದರೆ ಮೆಕ್ಯಾನಿಕ್‌ಗೆ ಹೇಳಿ ಎರಡೂ ಕಡೆಯ ಲಿಂಕ್‌ಗಳನ್ನು ಬಿಚ್ಚಿಸಿ, ಬಾರ್ ಯಾವುದಕ್ಕೂ ತಗುಲದಂತೆ ಕಟ್ಟಿಸಿ, ಖಾಲಿ ಗಾಡಿಯನ್ನು ನೂರು ಗಜ ನಿಧಾನವಾಗಿ ಓಡಿಸಿ ನೋಡಬಹುದು. ಶಬ್ದ ಹೋದರೆ ಮೂಲ ಸಿಕ್ಕಂತೆಯೇ. ಲಿಂಕ್ ಇಲ್ಲದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಆದ್ದರಿಂದ ಹಾಗೆಯೇ ಮನೆಗೆ ತರಬಾರದು. ಬಾರ್ ನೇರವಾಗಿ ತೋಳಿಗೆ ಕೂಡಿರುವ ಗಾಡಿಗಳಲ್ಲಿ ಈ ಪರೀಕ್ಷೆ ಮಾಡಲೇಬಾರದು, ಅಲ್ಲಿ ಬಾರ್ ಚಕ್ರವನ್ನು ಹಿಡಿದಿಡುವ ಕೆಲಸವನ್ನೂ ಮಾಡುತ್ತಿರಬಹುದು.

ಕಾಯಬಾರದ ದೋಷ

ಸವೆದ ಲಿಂಕ್ ರಾಡ್ ಇದ್ದರೂ ಮುಂದಿನ ಬಟವಾಡೆಯವರೆಗೆ ಎಚ್ಚರಿಕೆಯಿಂದ ಓಡಿಸಬಹುದು. ಬುಷ್ ಹರಿದಿದ್ದರೆ ಟೈರ್ ಸವೆಯುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಎಳೆಯುತ್ತದೆ, ಬೇಗ ಮಾಡಿಸುವುದು ಒಳ್ಳೆಯದು. ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಸಡಿಲವಾಗಿದ್ದರೆ ಮಾತ್ರ ಗಾಡಿಯನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು.

ಜಾರುವ ಸಿಮೆಂಟ್ ನೆಲದಲ್ಲಿ ಕಾಲು ಅಗಲವಾಗಿ ಬಿದ್ದು ಸೊಂಟದ ಕೀಲು ತಪ್ಪಿದ ಹಸುವನ್ನು ನೀವು ನೋಡಿರಬಹುದು. ಬಟ್ಟಲಿನಿಂದ ಗುಂಡು ಹೊರಬಂದ ಮೇಲೆ ಆ ಕಾಲು ದೇಹದ ಮಾತು ಕೇಳುವುದಿಲ್ಲ. ಬಾಲ್ ಜಾಯಿಂಟ್ ಕಳಚಿದಾಗ ಆಗುವುದೂ ಅದೇ. ಚಕ್ರದ ಕೆಳಭಾಗ ಹೊರಕ್ಕೆ ಚಾಚಿಕೊಳ್ಳುತ್ತದೆ, ಗಾಡಿಯ ಮೂಲೆ ಕುಸಿಯುತ್ತದೆ, ಸ್ಟೀರಿಂಗ್ ಇದ್ದೂ ಇಲ್ಲದಂತಾಗುತ್ತದೆ. ಟೈ ರಾಡ್ ಎಂಡ್ ಕಳಚಿದರೆ ಒಂದು ಚಕ್ರ ತನ್ನಿಷ್ಟದ ಕಡೆಗೆ ತಿರುಗುತ್ತದೆ. ಇದು ಊರಿನ ಗಲ್ಲಿಯಲ್ಲಿ ನಿಧಾನವಾಗಿ ಹೋಗುವಾಗ ಆದರೆ ಪುಣ್ಯ. ಹೊಸೂರು ರಸ್ತೆಯಲ್ಲಿ ಲಾರಿಗಳ ನಡುವೆ ಆದರೆ, ಅಥವಾ 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಆ ಸುಮಾರು 10 ಕಿ.ಮೀ. ಉದ್ದದ ಮೇಲುರಸ್ತೆಯಲ್ಲಿ ಆದರೆ, ಪಕ್ಕಕ್ಕೆ ಇಳಿಸಲು ಮಣ್ಣಿನ ಅಂಚೂ ಇಲ್ಲ. ತುಮಕೂರು ರಸ್ತೆ, ಹಳೇ ಮದ್ರಾಸ್ ರಸ್ತೆಗಳ ಮಾತೂ ಇಷ್ಟೇ. ಮುಂಜಾನೆ ಮಾರುಕಟ್ಟೆಗೆ ಸೊಪ್ಪು ಹಾಕಿ, ವಾಪಸು ಬರುವಾಗ ಆಹಾರದ ಮೂಟೆ ತುಂಬಿಕೊಂಡು ಬರುವವರು ಈ ರಸ್ತೆಗಳನ್ನು ದಿನವೂ ತುಳಿಯುತ್ತಾರೆ.

ಈ ಕೀಲು ಕಳಚುವ ಮುನ್ನ ಸಾಮಾನ್ಯವಾಗಿ ಕೆಲವು ಗುರುತುಗಳನ್ನು ಕೊಡುತ್ತದೆ. ಶಬ್ದ ದಿನದಿನಕ್ಕೆ ಹೆಚ್ಚುವುದು, ಗುಂಡಿ ದಾಟಿದ ಮೇಲೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದು, ಟೈರಿನ ಒಂದೇ ಅಂಚು ಬೋಳಾಗುವುದು, ಸ್ಟೀರಿಂಗ್ ತಿರುಗಿಸುವಾಗ ಕಿರುಗುಟ್ಟುವುದು. ಕೆಲವೊಮ್ಮೆ ರೇಡಿಯೋ ಜೋರು ಮಾಡಿದವರಿಗೆ ಯಾವ ಗುರುತೂ ತಿಳಿಯುವುದಿಲ್ಲ.

ಸಡಿಲವಾದ ಬಾಲ್ ಜಾಯಿಂಟ್ ಮೇಲೆ ವೆಲ್ಡಿಂಗ್ ಚುಕ್ಕೆ ಹಾಕಿಸಿ ಬಿಗಿಮಾಡುವುದು, ಬಟ್ಟಲನ್ನು ಸುತ್ತಿಗೆಯಿಂದ ಬಡಿದು ಕಿರಿದು ಮಾಡುವುದು ನಮ್ಮಲ್ಲಿ ಈಗಲೂ ಕಾಣುತ್ತದೆ. ಶಬ್ದ ಕೆಲವು ದಿನ ನಿಲ್ಲುತ್ತದೆ, ಅಪಾಯ ಹೆಚ್ಚುತ್ತದೆ. ಬಿಸಿಗೆ ಒಳಗಿನ ಗ್ರೀಸ್ ಮತ್ತು ಪ್ಲಾಸ್ಟಿಕ್ ಬಟ್ಟಲು ಸುಟ್ಟಿರುತ್ತದೆ. ಇಂತಹ ರಿಪೇರಿಗೆ ಒಪ್ಪಲೇಬೇಡಿ.

ಕಮಾನು ಪಟ್ಟಿಯ ಗಾಡಿಗಳು

2005ರಲ್ಲಿ ಬಂದ ಟಾಟಾ ಏಸ್‌ನಂತಹ ಗಾಡಿಗಳಲ್ಲಿ ಮುಂದೆಯೂ ಅಚ್ಚು ಮತ್ತು ಕಮಾನು ಪಟ್ಟಿಗಳಿವೆ, ಸ್ಟ್ರಟ್ ಇಲ್ಲ. ಅವುಗಳಲ್ಲಿ ಮೇಲೆ ಹೇಳಿದ ವಿಚಾರಣೆ ಅದೇ, ನೋಡುವ ಜಾಗ ಬೇರೆ. ಪಟ್ಟಿಯ ತುದಿಯ ಶ್ಯಾಕಲ್ ಪಿನ್ ಮತ್ತು ಬುಷ್, ಪಟ್ಟಿಯನ್ನು ಅಚ್ಚಿಗೆ ಬಿಗಿದ ಯು ಬೋಲ್ಟ್, ನಡುವಿನ ಸೆಂಟರ್ ಬೋಲ್ಟ್, ಚಕ್ರ ತಿರುಗುವ ಕಿಂಗ್ ಪಿನ್ ಇವನ್ನು ನೋಡಬೇಕು. ಯು ಬೋಲ್ಟ್ ಸಡಿಲವಾದರೆ ಪಟ್ಟಿಗಳು ಒಂದರ ಮೇಲೊಂದು ಸರಿದು ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಆಮೇಲೆ ಅಚ್ಚೇ ಓರೆಯಾಗಿ ನಿಲ್ಲುತ್ತದೆ. ಪಟ್ಟಿಗಳ ಬದಿಯಲ್ಲಿ ಹೊಳೆಯುವ ಹೊಸ ಗೀರು ಅಥವಾ ತುಕ್ಕಿನ ಕೆಂಪು ಪುಡಿ ಕಂಡರೆ ಅಲ್ಲಿ ಅಲುಗಾಟವಿದೆ ಎಂದೇ ಅರ್ಥ. ಗ್ರೀಸ್ ನಿಪ್ಪಲ್ ಇರುವ ಕಡೆಗಳಲ್ಲಿ ಗ್ರೀಸ್ ಹಾಕಿಸುವುದನ್ನು ಮಳೆಗಾಲದಲ್ಲಿ ಮರೆಯಬಾರದು.

ಭಾರದ ಬಗ್ಗೆ ಎರಡು ಮಾತು. 40 ಲೀಟರಿನ ಒಂದು ಕ್ಯಾನಿನಲ್ಲಿ ಹಾಲೇ ಸುಮಾರು 41 ಕೆ.ಜಿ. ತೂಗುತ್ತದೆ, ಕ್ಯಾನಿನ ತೂಕ ಬೇರೆ. ಹತ್ತು ಮೂಟೆ ಆಹಾರವೆಂದರೆ 500 ಕೆ.ಜಿ. ಇವು ಲೆಕ್ಕಕ್ಕೆ ಸಿಗುತ್ತವೆ. ಲೆಕ್ಕಕ್ಕೆ ಸಿಗದಿರುವುದು ಒದ್ದೆ ಮೇವು. ಹಸಿ ಬಿಯರ್ ವೇಸ್ಟ್‌ನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು, ಸೀಮೆಹುಲ್ಲಿನಲ್ಲಿಯೂ ಸುಮಾರು ಅಷ್ಟೇ. ಕಣ್ಣಿಗೆ ಅರ್ಧ ಗಾಡಿಯಂತೆ ಕಂಡದ್ದು ತೂಕದಲ್ಲಿ ಗಾಡಿ ಮೀರಿರುತ್ತದೆ. ಆರ್.ಸಿ.ಯಲ್ಲಿ ನಮೂದಿಸಿದ ತೂಕವನ್ನು ದಿನವೂ ಮೀರುವ ಗಾಡಿಯ ಕೀಲುಗಳು ಬೇಗ ಸವೆಯುವುದರಲ್ಲಿ ಆಶ್ಚರ್ಯವೇನಿಲ್ಲ.

ಬಿಡಿಭಾಗ ಮತ್ತು ಜೋಡಣೆ

ಮೂಲ ತಿಳಿದ ಮೇಲೆ ಬಿಡಿಭಾಗ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲ ದರದ ಮಾಲೂ ಸಿಗುತ್ತದೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳಲ್ಲಿ ಮಾತ್ರ ಅಗ್ಗದ್ದನ್ನು ಹುಡುಕಬೇಡಿ. ಕಂಪನಿಯ ಮಾಲನ್ನೇ ಬಿಲ್ಲಿನೊಂದಿಗೆ ಕೊಳ್ಳಿ, ಗುಜರಿಯದು ಬೇಡ. ಪೀಣ್ಯದಂತಹ ಕೈಗಾರಿಕಾ ಪ್ರದೇಶ ಹತ್ತಿರವಿರುವುದರಿಂದ ಲೇತ್‌ನಲ್ಲಿ ನೈಲಾನ್ ಬುಷ್ ತಿರುವಿಸಿ ಹಾಕಿಸುವ ಆಲೋಚನೆ ಕೆಲವರಿಗೆ ಬರುತ್ತದೆ. ನಮ್ಮ ಕೆಲಸಗಾರರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಬಳುಕುವುದಕ್ಕೆಂದೇ ಇರುವುದು. ಅಲ್ಲಿ ಗಟ್ಟಿ ವಸ್ತು ಹಾಕಿದರೆ ಪೆಟ್ಟೆಲ್ಲ ತೋಳಿಗೂ ಬೋಲ್ಟಿಗೂ ಹೋಗಿ ಬಿರುಕು ಬಿಡಬಹುದು.

ಜೋಡಿಸುವಾಗ ಆಗುವ ಒಂದು ಲೋಪವನ್ನು ವಿಶೇಷವಾಗಿ ಹೇಳಬೇಕು. ಗಾಡಿ ಜಾಕ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಹೊಸ ಬುಷ್‌ನ ಬೋಲ್ಟನ್ನು ಪೂರ್ತಿ ಬಿಗಿಯುವುದು ವಾಡಿಕೆಯಾಗಿದೆ. ಆಗ ರಬ್ಬರ್ ಆ ಜೋತ ಸ್ಥಿತಿಯಲ್ಲಿಯೇ ಹಿಡಿದುಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ತಿರುಚಿಕೊಳ್ಳುತ್ತದೆ, ನಿಂತಲ್ಲಿಯೂ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುವುದಕ್ಕೆ ಇದೇ ಕಾರಣವಾಗಿರಬಹುದು, ಮಾಲಿನ ದೋಷವೇ ಇರಬೇಕೆಂದಿಲ್ಲ. ಬೋಲ್ಟನ್ನು ಕೈಬಿಗಿ ಮಾಡಿ, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಒಂದೆರಡು ಸಲ ಒತ್ತಿ ಬಿಟ್ಟು, ಆಮೇಲೆ ಕೊನೆಯ ಬಿಗಿ ಕೊಡಬೇಕು. ಇದನ್ನು ಮೆಕ್ಯಾನಿಕ್‌ಗೆ ಕೆಲಸ ಶುರುವಾಗುವ ಮೊದಲೇ ವಿನಯದಿಂದ ಹೇಳಿ. ಮುಗಿದ ಮೇಲೆ ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ.

ಬಾಲ್ ಜಾಯಿಂಟ್ ನಟ್ಟಿಗೆ ಕಾಟರ್ ಪಿನ್ ಇರುವ ಗಾಡಿಯಾದರೆ ಹೊಸ ಪಿನ್ನನ್ನೇ ಹಾಕಿಸಿ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಆ ಪಿನ್ ಹಾಗೆ, ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಸರಿಯಲ್ಲ. ಸ್ಟ್ರಟ್, ತೋಳು, ಟೈ ರಾಡ್ ಎಂಡ್ ಇವುಗಳಲ್ಲಿ ಯಾವುದನ್ನು ಬಿಚ್ಚಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಬರಿಯ ಲಿಂಕ್ ರಾಡ್ ಬದಲಿಸಿದ್ದರೆ ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಆ ಖರ್ಚು ಉಳಿಯಿತು.

ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಲಿಂಕ್ ಅಥವಾ ಬಾಲ್ ಜಾಯಿಂಟನ್ನು ಹಳೆಯದು ಒಂದು ಕೈಯಲ್ಲಿ, ಹೊಸದು ಒಂದು ಕೈಯಲ್ಲಿ ಹಿಡಿದು ಗುಂಡನ್ನು ಬೆರಳಿನಿಂದ ತಿರುಗಿಸಿ ನೋಡಿ. ಹೊಸದು ಜಿಗುಟಾಗಿ, ಬಿಗಿಯಾಗಿ ತಿರುಗುತ್ತದೆ. ಹಳೆಯದು ತಾನಾಗಿಯೇ ಜೋತುಬಿದ್ದು ಒಳಗೆ ಗಿಲಕಿಯಂತೆ ಸದ್ದು ಮಾಡಿದರೆ ಸರಿಯಾದ ಭಾಗವೇ ಬದಲಾಗಿದೆ. ಎರಡೂ ಒಂದೇ ರೀತಿ ಬಿಗಿಯಾಗಿದ್ದರೆ ಹಣ ಕೊಡುವ ಮುನ್ನ ಮೆಕ್ಯಾನಿಕನ್ನು ಕೂರಿಸಿಕೊಂಡು ಅದೇ ಹಂಪನ್ನು ಓರೆಯಾಗಿ ಒಮ್ಮೆ ದಾಟಿ ಬನ್ನಿ.